ದನದ ಕೊಟ್ಟಿಗೆಗೆ ಬಂದ ಯೂರೋಪ್

ಐರ್ಲೆಂಡ್‌ಗೆ ಹೋಗಿ ಬಂದವರೆಲ್ಲ ಮೋಹರ್ ಬಂಡೆಗಳನ್ನು ಹಾಡಿ ಹೊಗಳುತ್ತಾರೆ. ನಾನೂ ನೋಡಿದೆ. ಗಾಳಿ ಜೋರಾಗಿತ್ತು, ಬಂಡೆ ಎತ್ತರವಾಗಿತ್ತು, ಮೊಬೈಲ್ ಎತ್ತಿ ಹಿಡಿದವರ ಸಾಲು ಅದಕ್ಕಿಂತ ಉದ್ದವಾಗಿತ್ತು. ಡಬ್ಲಿನ್‌ನ ಟೆಂಪಲ್ ಬಾರ್ ಓಣಿಗೆ ಇಷ್ಟು ಮಾತೂ ದಂಡ. ಹಾಡೆಂಬ ಹೆಸರಿನಲ್ಲಿ ಅಲ್ಲಿ ನಡೆಯುವ ಗದ್ದಲ ಕೇಳಿ ಅರ್ಧ ಗಂಟೆಯಲ್ಲಿ ಹೊರಬಿದ್ದೆ. ನನಗೆ ಹೇಳಬೇಕಿರುವುದು ಮಿಲ್‌ಸ್ಟ್ರೀಟ್ ಎಂಬ ಊರಿನ ಬಗ್ಗೆ. ಕಾರ್ಕ್ ಕೌಂಟಿಯ ಅಂಚಿನಲ್ಲಿ, ಕೆರಿ ಕೌಂಟಿಯ ಗಡಿಗೆ ಹತ್ತಿರವಾಗಿ, ಕ್ಲಾರಾ ಗುಡ್ಡದ ಬುಡದಲ್ಲಿ ಇರುವ ಒಂದು ಪೇಟೆ. ಜನಸಂಖ್ಯೆ ಸುಮಾರು ಒಂದೂವರೆ ಸಾವಿರ. 1993ರ ಮೇ 15ರ ರಾತ್ರಿ 25 ದೇಶಗಳ ಗಾಯಕರು ಈ ಪೇಟೆಗೆ ಬಂದು ಹಾಡಿದರು, ಯೂರೋಪ್ ಪೂರ್ತಿ ಟಿ.ವಿ. ಮುಂದೆ ಕುಳಿತು ಕೇಳಿತು.

ಯೂರೋವಿಷನ್ ಗೀತಸ್ಪರ್ಧೆಯ ಬಗ್ಗೆ ನಮ್ಮಲ್ಲಿ ಹೆಚ್ಚು ಜನರಿಗೆ ಆಸಕ್ತಿ ಇಲ್ಲ, ಇರಬೇಕಾದ ಕಾರಣವೂ ಇಲ್ಲ. 1956ರಿಂದ ನಡೆದು ಬಂದಿರುವ ಇದರಲ್ಲಿ ಒಂದೊಂದು ದೇಶ ಒಂದೊಂದು ಹೊಸ ಹಾಡನ್ನು ಕಳುಹಿಸುತ್ತದೆ, ಉಳಿದ ದೇಶಗಳು ಅಂಕ ಕೊಡುತ್ತವೆ. ಗೆದ್ದ ದೇಶವೇ ಮರುವರ್ಷ ಎಲ್ಲರನ್ನೂ ಕರೆದು ಸ್ಪರ್ಧೆ ನಡೆಸಿಕೊಡುವುದು ವಾಡಿಕೆ. ಗೆಲುವಿನ ಹಿಂದೆಯೇ ಖರ್ಚಿನ ಪಟ್ಟಿಯೂ ಬರುತ್ತದೆ. ಐರ್ಲೆಂಡ್ ಏಳು ಸಲ ಗೆದ್ದಿದೆ. 2023ರಲ್ಲಿ ಸ್ವೀಡನ್ ಸರಿಗಟ್ಟುವವರೆಗೆ ಆ ದಾಖಲೆ ಐರ್ಲೆಂಡಿನದೊಂದೇ ಆಗಿತ್ತು.

ಇದು ನನ್ನ ಕಿವಿಗೆ ಬಿದ್ದದ್ದು ಡಬ್ಲಿನ್‌ನಲ್ಲಿ, ಲಿಫಿ ನದಿಯ ದಂಡೆಯಲ್ಲಿ. ಈಗ ತ್ರೀ ಅರೀನಾ ಎಂದು ಕರೆಸಿಕೊಳ್ಳುವ ಕಟ್ಟಡ ಹಿಂದೆ ಪಾಯಿಂಟ್ ಥಿಯೇಟರ್ ಆಗಿತ್ತು. 1994, 1995 ಮತ್ತು 1997ರ ಯೂರೋವಿಷನ್ ನಡೆದದ್ದು ಅದರೊಳಗೆ. ನಮ್ಮನ್ನು ಕರೆದೊಯ್ದ ಮಾರ್ಗದರ್ಶಿ 1994ರ ರಿವರ್‌ಡ್ಯಾನ್ಸ್ ನೃತ್ಯದ ಬಗ್ಗೆಯೇ ಮಾತನಾಡಿದ. ಮತದಾನದ ಬಿಡುವು ತುಂಬಿಸಲು ಬಿಲ್ ವೀಲನ್ ಸಂಗೀತ ಸಂಯೋಜಿಸಿದ ಏಳು ನಿಮಿಷಗಳ ತುಣುಕು, ಮೈಕಲ್ ಫ್ಲಾಟ್ಲಿ ಮತ್ತು ಜೀನ್ ಬಟ್ಲರ್ ಅವರ ಕಾಲ್ಚಳಕ, ಆಮೇಲೆ ಅದು ಜಗತ್ತು ಸುತ್ತಿದ ಕಥೆ. ಎಲ್ಲ ಸರಿ. ಆದರೆ ಅದೇ ರಾತ್ರಿ ಗೆದ್ದ ಹಾಡು ಯಾವುದು ಎಂದು ಕೇಳಿದರೆ ಅವನು ಒಂದು ಕ್ಷಣ ತಡವರಿಸಿದ. ಪಾಲ್ ಹ್ಯಾರಿಂಗ್ಟನ್ ಪಿಯಾನೊ ಮುಂದೆ, ಚಾರ್ಲಿ ಮೆಗೆಟಿಗನ್ ಗಿಟಾರ್ ಹಿಡಿದು, ವಾದ್ಯವೃಂದವನ್ನು ಸುಮ್ಮನೆ ಕೂರಿಸಿ ಹಾಡಿದ ಹಾಡು ಅದು. ನಡುವಯಸ್ಸಿನವರು ತಮ್ಮ ಹರೆಯವನ್ನು ನೆನೆಯುವ ಹಾಡು. 226 ಅಂಕ, ಎರಡನೆಯ ಸ್ಥಾನದ ಪೋಲೆಂಡ್ 60 ಅಂಕ ಹಿಂದೆ. ಅಬ್ಬರವಿಲ್ಲದೆ ಗೆದ್ದ ಆ ಇಬ್ಬರ ಬದಲು ಬಿಡುವಿನಲ್ಲಿ ಬಂದ ಕುಣಿತವೇ ನೆನಪಿನಲ್ಲಿ ಉಳಿದದ್ದು ನನಗೆ ಯಾಕೋ ಒಪ್ಪಿಗೆಯಾಗಲಿಲ್ಲ.

ಹೋಟೆಲಿಗೆ ಬಂದು ಉಳಿದ ಹಾಡುಗಳನ್ನೂ ಕೇಳಿದೆ. 1970ರಲ್ಲಿ ಆಮ್ಸ್‌ಟರ್‌ಡ್ಯಾಂನಲ್ಲಿ ಗೆದ್ದ ಡೇನಾ, ಉತ್ತರ ಐರ್ಲೆಂಡಿನ ಡೆರಿಯಲ್ಲಿ ಬೆಳೆದ ಹದಿನೆಂಟರ ಶಾಲಾ ಹುಡುಗಿ. ತನ್ನ ಊರು ಹೊತ್ತಿ ಉರಿಯುತ್ತಿದ್ದ ಕಾಲದಲ್ಲಿ ಅವಳು ಹಾಡಿದ್ದು ಹೂವು, ಹಿಮ, ಚಿಟ್ಟೆಗಳ ಪಟ್ಟಿ. ಮಕ್ಕಳ ಪದ್ಯದಷ್ಟೇ ಸಿಹಿ, ಎರಡನೆಯ ಸಲಕ್ಕೆ ನನಗೆ ಸಾಕಾಯಿತು. 1980 ಮತ್ತು 1987ರಲ್ಲಿ ಜಾನಿ ಲೋಗನ್. ಗಾಯಕನಾಗಿ ಎರಡು ಸಲ ಗೆದ್ದ ಮೊದಲಿಗ. 1992ರಲ್ಲಿ ಮಾಲ್ಮೊದಲ್ಲಿ ಲಿಂಡಾ ಮಾರ್ಟಿನ್ ಗೆದ್ದ ಹಾಡು ಬರೆದವನೂ ಅವನೇ. ಎಂಬತ್ತೇಳರ ಅವನ ಬಿಳಿ ಸೂಟಿಗೆ ನಗಬಹುದು, ದನಿಗೆ ನಗಲಾಗುವುದಿಲ್ಲ. 1993ರಲ್ಲಿ ನೀವ್ ಕ್ಯಾವನಾ, 1996ರಲ್ಲಿ ಓಸ್ಲೊದಲ್ಲಿ ಈಮರ್ ಕ್ವಿನ್. ಈ ಪಟ್ಟಿ ಓದುವಾಗಲೇ 1993ರ ಎದುರು ಸ್ಥಳ ಎಂಬಲ್ಲಿ ‘ಮಿಲ್‌ಸ್ಟ್ರೀಟ್’ ಕಂಡಿತು. ಭೂಪಟದಲ್ಲಿ ಹುಡುಕಿದೆ. ಕಿಲಾರ್ನಿಗೆ ಹೋಗುವ ದಾರಿಯಲ್ಲೇ ಇತ್ತು.

ಕಾರಿನಲ್ಲಿ ಹೋಗುವ ಯೋಜನೆ ವಿಮಾನ ನಿಲ್ದಾಣದ ಬಾಡಿಗೆ ಕಾರಿನ ಕೌಂಟರಿನಲ್ಲಿ ಮೊದಲ ದಿನವೇ ಮುರಿದುಬಿದ್ದಿತ್ತು. ಅವರ ಜಾಲತಾಣದಲ್ಲಿ ಡೆಬಿಟ್ ಕಾರ್ಡ್ ನಡೆಯುತ್ತದೆ ಎಂದು ಸ್ಪಷ್ಟವಾಗಿ ಬರೆದಿತ್ತು. ಕೌಂಟರಿನಲ್ಲಿ ಕುಳಿತವರು ಅದನ್ನು ನನ್ನ ಮೊಬೈಲಿನಲ್ಲೇ ಓದಿ, ತಲೆಯಾಡಿಸಿ, ಇಲ್ಲ ಎಂದರು. ಮುಂಗಡ ಹಣವೂ ವಾಪಸಿಲ್ಲ. ಈಗಲೂ ನೆನೆದರೆ ಮೈ ಉರಿಯುತ್ತದೆ. ಹೋಗುವವರು ಕಿವಿಗೆ ಹಾಕಿಕೊಳ್ಳಿ: ಚಾಲಕನ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್ ಇಲ್ಲದಿದ್ದರೆ ಕಾರಿನ ಆಸೆ ಬೇಡ, ಜಾಲತಾಣ ಏನೇ ಹೇಳಲಿ. ಯೂರೋಪಿನ ಬಹುಪಾಲು ದೇಶಗಳಿಗೆ ಸಾಕಾಗುವ ಶೆಂಗೆನ್ ವೀಸಾ ಐರ್ಲೆಂಡಿನಲ್ಲಿ ನಡೆಯುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಹಾಗಾಗಿ ರೈಲು. ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ಕಾರ್ಕ್ ಕಡೆಯ ರೈಲು ಹತ್ತಿ ಮ್ಯಾಲೋದಲ್ಲಿ ಇಳಿದು, ಟ್ರಲೀ ಕಡೆಯ ಪುಟ್ಟ ರೈಲು ಹಿಡಿಯಬೇಕು. ಬ್ಯಾಂಟೀರ್, ಆಮೇಲೆ ಮಿಲ್‌ಸ್ಟ್ರೀಟ್. ನಿಲ್ದಾಣದಿಂದ ಊರು ಸುಮಾರು ಒಂದು ಮೈಲಿ. ಟ್ಯಾಕ್ಸಿ ಇರಲಿಲ್ಲ. ಸೋನೆ ಮಳೆಯಲ್ಲಿ, ಪಾದಚಾರಿ ಹಾದಿಯಿಲ್ಲದ ರಸ್ತೆಯ ಬೇಲಿಗೆ ಒತ್ತಿಕೊಂಡು ಚಕ್ರದ ಪೆಟ್ಟಿಗೆ ಎಳೆಯುತ್ತಾ ನಡೆದೆ. ಮರದ ಗೇಟಿನಾಚೆ ಹಸುಗಳು ಮೇಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದವು. ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದವನು ಸ್ಟೀರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕರಿಸಿದ. ಇಂಥ ದಾರಿಯಲ್ಲಿ ಇಪ್ಪತ್ತೈದು ದೇಶಗಳು ಬಂದವೆಂದರೆ ನಂಬುವುದು ಕಷ್ಟವಿತ್ತು.

ಆಗಲೂ ನಂಬಿದವರು ಕಡಿಮೆಯೇ. ಲಿಂಡಾ ಮಾರ್ಟಿನ್ ಗೆದ್ದ ರಾತ್ರಿಯೇ ಈ ಊರಿನ ಉದ್ಯಮಿ ನೋಯೆಲ್ ಡಗ್ಗನ್ ಐರ್ಲೆಂಡಿನ ಪ್ರಸಾರ ಸಂಸ್ಥೆ ಆರ್‌ಟಿಇಗೆ ಪತ್ರ ಬರೆದ: ನನ್ನ ಬಳಿ ಗ್ರೀನ್ ಗ್ಲೆನ್ಸ್ ಎಂಬ ಅರೀನಾ ಇದೆ, ಬಾಡಿಗೆ ಬೇಡ, ಮುಂದಿನ ವರ್ಷ ಇಲ್ಲಿಯೇ ನಡೆಸಿ. ಅದು ಕುದುರೆ ಪ್ರದರ್ಶನಗಳಿಗೆಂದು ಕಟ್ಟಿದ ಅಂಗಳ. ಡಬ್ಲಿನ್ ಒಪ್ಪಿಬಿಟ್ಟಿತು. ವೇದಿಕೆ ಮತ್ತು ದೀಪಗಳಿಗೆ ಎತ್ತರ ಸಾಲದೆಂದು ಚಾವಣಿ ಎತ್ತುವ ಬದಲು ನೆಲವನ್ನೇ ಅಗೆದು ತಗ್ಗಿಸಿದರು. ರಸ್ತೆ, ರೈಲು, ದೂರವಾಣಿ ಎಲ್ಲಕ್ಕೂ ಹೊಸ ಕೆಲಸ ಬಿತ್ತು. ಅತಿಥಿಗಳನ್ನು ಇಳಿಸಲು ಊರಿನಲ್ಲಿ ಹೋಟೆಲುಗಳಿಲ್ಲದೆ ಕಿಲಾರ್ನಿಯ ಕೋಣೆಗಳನ್ನು ಹಿಡಿದರು. ಬಿಬಿಸಿಯ ಸುದ್ದಿವಾಚಕರೊಬ್ಬರು ಸ್ಪರ್ಧೆ ಐರ್ಲೆಂಡಿನ ಯಾವುದೋ ದನದ ಕೊಟ್ಟಿಗೆಯಲ್ಲಿ ನಡೆಯಲಿದೆ ಎಂದು ಹಂಗಿಸಿ, ಆಮೇಲೆ ಕ್ಷಮೆ ಕೇಳಬೇಕಾಯಿತು.

ಅರೀನಾ ಹೊರಗಿನಿಂದ ನೋಡಿದರೆ ದೊಡ್ಡ ಶೆಡ್, ಅಷ್ಟೇ. ಸುತ್ತ ಕುದುರೆ ಸಾಗಿಸುವ ಗಾಡಿಗಳಿಗೆ ನಿಲ್ಲಲು ಜಾಗ. 1995ರಲ್ಲಿ ಸ್ಟೀವ್ ಕಾಲಿನ್ಸ್ ಕ್ರಿಸ್ ಯೂಬ್ಯಾಂಕ್‌ನನ್ನು ಸೋಲಿಸಿ ಮುಷ್ಟಿಯುದ್ಧದ ವಿಶ್ವಪಟ್ಟ ಪಡೆದದ್ದೂ ಇದೇ ಸೂರಿನಡಿ. ನಾನು ಹೋದಾಗ ಬಾಗಿಲು ಹಾಕಿತ್ತು. ಸುತ್ತು ಹಾಕಿ, ಒದ್ದೆ ಶೂಗಳಲ್ಲಿ ಮುಖ್ಯರಸ್ತೆಗೆ ಮರಳಿ, ಮೊದಲು ಕಂಡ ಚಹಾದ ಅಂಗಡಿಗೆ ನುಗ್ಗಿದೆ. ಪ್ರವಾಸ ನಿಜವಾಗಿ ಶುರುವಾದದ್ದು ಅಲ್ಲಿ.

ಅಂಗಡಿಯಾಕೆಗೆ ಅರವತ್ತು ದಾಟಿರಬೇಕು. ಸ್ಕೋನ್ ಮತ್ತು ಬೆಣ್ಣೆ ತಂದಿಟ್ಟು, ಎಲ್ಲಿಂದ ಬಂದಿರಿ, ಕಿಲಾರ್ನಿಗೆ ಹೋಗಬೇಕಾದವರು ತಪ್ಪಿ ಇಳಿದಿರೇನು ಎಂದು ಕೇಳಿದರು. ಬೆಂಗಳೂರಿನಿಂದ, ಯೂರೋವಿಷನ್ ನಡೆದ ಜಾಗ ನೋಡಲು ಬಂದೆ ಎಂದೆ. ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಕೈಯೊರೆಸಿಕೊಂಡು ಎದುರಿನ ಕುರ್ಚಿ ಎಳೆದು ಕುಳಿತೇಬಿಟ್ಟರು.

ಆ ರಾತ್ರಿ ಅವರು ಸಭಾಂಗಣದೊಳಗಿದ್ದರಂತೆ, ಹಿಂದಿನ ಬಾಗಿಲ ಬಳಿ, ಸ್ವಯಂಸೇವಕಿಯಾಗಿ. ನಾನು ನೀವ್ ಕ್ಯಾವನಾ ಗೆದ್ದ ಗಳಿಗೆಯ ಬಗ್ಗೆ ಕೇಳಿದೆ. ಕೊನೆಗೆ ಮಾಲ್ಟಾದ ಫೋನ್ ಸಿಗದೆ ಅದರ ಮತವೊಂದನ್ನೇ ಕಡೆಗೆ ಉಳಿಸಿದ್ದರು. ಬ್ರಿಟನ್ನಿನ ಸೋನಿಯಾಗಿಂತ ಐರ್ಲೆಂಡ್ ಹನ್ನೊಂದು ಅಂಕ ಮುಂದಿತ್ತು, ಆಗ ಒಂದು ದೇಶ ಕೊಡಬಹುದಾಗಿದ್ದ ಗರಿಷ್ಠ ಅಂಕ ಹನ್ನೆರಡು. ಮಾಲ್ಟಾ ಆ ಹನ್ನೆರಡನ್ನೂ ಐರ್ಲೆಂಡಿಗೇ ಕೊಟ್ಟಿತು: 187ಕ್ಕೆ 164. ಇದಕ್ಕಿಂತ ರೋಚಕ ಏನು ಬೇಕು?

ಅವರು ಕೈ ಬೀಸಿ ಅದನ್ನು ಪಕ್ಕಕ್ಕೆ ಸರಿಸಿದರು. “ಅದೆಲ್ಲ ಇರಲಿ. ನೀವು ಸಾರಾಯೆವೊ ಕರೆಯನ್ನು ಕೇಳಿದ್ದೀರಾ?”

ಕೇಳಿರಲಿಲ್ಲ. ಹೇಳಿದರು. ಬೋಸ್ನಿಯಾ ಮೊದಲ ಬಾರಿ ತನ್ನ ಹೆಸರಿನಲ್ಲಿ ಸ್ಪರ್ಧೆಗೆ ಬಂದ ವರ್ಷ ಅದು. ಅದರ ರಾಜಧಾನಿ ಸಾರಾಯೆವೊಗೆ ಆಗ ಮುತ್ತಿಗೆ. ಗಾಯಕರ ತಂಡ ರಾತ್ರಿ ಕತ್ತಲಲ್ಲಿ, ಗುಂಡಿನ ಭಯದ ನಡುವೆ, ವಿಮಾನ ನಿಲ್ದಾಣದ ಬಯಲನ್ನು ಓಡಿ ದಾಟಿ ಹೊರಬಂದಿತ್ತು. ಅವರ ಸಂಗೀತ ನಿರ್ದೇಶಕ ಬರಲಾಗದೆ, ಐರ್ಲೆಂಡಿನ ನೋಯೆಲ್ ಕೆಲೆಹನ್ ಅವರೇ ವಾದ್ಯವೃಂದ ನಡೆಸಿಕೊಟ್ಟರು. ಬೋಸ್ನಿಯಾದ ಗಾಯಕ ಫಾಜ್ಲಾ ಹಾಡಿದ್ದು ಲೋಕದ ನೋವೆಲ್ಲ ಇಂದು ರಾತ್ರಿ ಬೋಸ್ನಿಯಾದಲ್ಲಿದೆ ಎಂಬ ಹಾಡು. ಮತದಾನ ಶುರುವಾದ ಮೇಲೆ ಒಂದೊಂದು ರಾಜಧಾನಿಯೂ ಫೋನಿನಲ್ಲಿ ಅಂಕ ಹೇಳುತ್ತಾ ಬಂತು. ಬೋಸ್ನಿಯಾದ ಸರದಿಯಲ್ಲಿ ಬರಿಯ ಗರಗರ ಸದ್ದು. ಆಮೇಲೆ ಅದರೊಳಗಿನಿಂದ ಒಂದು ದನಿ: ಹಲೋ ಮಿಲ್‌ಸ್ಟ್ರೀಟ್, ಸಾರಾಯೆವೊದಿಂದ ಕರೆ.

“ನಮ್ಮ ಊರಿನ ಹೆಸರು,” ಎಂದರು ಆಕೆ. “ಡಬ್ಲಿನ್ ಅಲ್ಲ. ಯುದ್ಧದ ನಡುವೆ ಕುಳಿತವರ ಬಾಯಲ್ಲಿ ನಮ್ಮ ಊರಿನ ಹೆಸರು. ನಾನು ಬಾಗಿಲು ಕಾಯುವುದನ್ನು ಬಿಟ್ಟು ಚಪ್ಪಾಳೆ ತಟ್ಟಿದೆ. ಎಲ್ಲರೂ ತಟ್ಟಿದರು. ಅವರು ಯಾರಿಗೆ ಎಷ್ಟು ಅಂಕ ಕೊಟ್ಟರೋ, ದೇವರಾಣೆ, ಒಂದೂ ನೆನಪಿಲ್ಲ.”

ನಾನು ಅಲ್ಲೇ ಮೊಬೈಲಿನಲ್ಲಿ ಆ ತುಣುಕು ಹುಡುಕಿ ಹಚ್ಚಿದೆ. ಗರಗರ ಶಬ್ದ ಅಂಗಡಿ ತುಂಬಿತು. ದನಿ ಬಂತು, ಚಪ್ಪಾಳೆ ಬಂತು. ಮೇಜೊರೆಸುತ್ತಿದ್ದ ಹುಡುಗಿಯೂ ಬಂದು ನಿಂತಳು. ಅವಳು ಹುಟ್ಟುವ ಮೊದಲಿನ ಮಾತು ಇದು. ಹಾಡುಗಳ ಸ್ಪರ್ಧೆಯಲ್ಲಿ ಹಾಡಲ್ಲದ ಒಂದು ಟೆಲಿಫೋನ್ ಕರೆಗೆ ನನ್ನ ಗಂಟಲು ಕಟ್ಟಿತು. ಆಕೆಗೆ ಏನೂ ಆಗಲಿಲ್ಲ, ಎದ್ದು ಹೋಗಿ ಇನ್ನೊಂದು ಕೆಟಲಿನಲ್ಲಿ ಚಹಾ ತಂದರು.

ಗೆದ್ದು ಗೆದ್ದು ಖರ್ಚು ತಾಳಲಾರದೆ ಆರ್‌ಟಿಇ ಬೇಕೆಂದೇ ಸೋಲುವ ಹಾಡು ಕಳುಹಿಸುತ್ತಿತ್ತಂತಲ್ಲ ಎಂದು ಡಬ್ಲಿನ್‌ನಲ್ಲಿ ಕೇಳಿದ ಹಾಸ್ಯವನ್ನು ಹೇಳಿದೆ. 1993, 94, 95 ಹೀಗೆ ಸತತ ಮೂರು ವರ್ಷ ಸ್ಪರ್ಧೆ ನಡೆಸಿದ ದೇಶ ಇದೊಂದೇ. ಹಾಸ್ಯ ಹುಟ್ಟಲು ಅಷ್ಟು ಸಾಕಾಗಿತ್ತು. ಅವರಿಗೆ ಹಿಡಿಸಲಿಲ್ಲ. “ಅದು ಡಬ್ಲಿನ್‌ನವರ ಮಾತು. ಅವರಿಗೆ ನೆಂಟರು ಬಂದರೆ ಲೆಕ್ಕ ನೆನಪಾಗುತ್ತದೆ. ನಮ್ಮನ್ನು ಇನ್ನೊಮ್ಮೆ ಕೇಳಿದ್ದರೆ ಇನ್ನೊಮ್ಮೆ ನೆಲ ಅಗೆಯುತ್ತಿದ್ದೆವು.” 2022ರಲ್ಲಿ ಉಕ್ರೇನಿನಿಂದ ತಪ್ಪಿಸಿಕೊಂಡು ಬಂದವರಿಗೆ ಇದೇ ಗ್ರೀನ್ ಗ್ಲೆನ್ಸ್ ಅಂಗಳದಲ್ಲಿ ಹಾಸಿಗೆಗಳನ್ನು ಹಾಕಿದ್ದರು. ಅದನ್ನು ಆಕೆ ಹೇಳಿದ್ದು ಲೋಟ ಎತ್ತಿಡುತ್ತಾ, ನಿನ್ನೆ ಮಳೆ ಬಂದಿತ್ತು ಎನ್ನುವ ದನಿಯಲ್ಲಿ. ಜಂಬಕ್ಕೆ ಅವರು ಇಟ್ಟುಕೊಂಡಿದ್ದು ಟೆಲಿಫೋನ್ ಕರೆಯೊಂದನ್ನೇ.

ಏಳರಲ್ಲಿ ನಿಮಗೆ ಯಾವ ಹಾಡು ಇಷ್ಟ ಎಂದು ಕೇಳಿದ್ದೇ ತಡ, ಕಿಟಕಿ ಬಳಿ ಪತ್ರಿಕೆ ಹಿಡಿದು ಕುಳಿತಿದ್ದ ಮುದುಕ, “ಏಳಲ್ಲ, ಎಂಟು,” ಎಂದ. ಅಷ್ಟು ಹೊತ್ತೂ ಅವನು ಪುಟ ತಿರುವಿರಲಿಲ್ಲ. 1995ರಲ್ಲಿ ಗೆದ್ದದ್ದು ನಾರ್ವೆ ತಾನೆ ಎಂದೆ. ಹೆಸರಿಗೆ ನಾರ್ವೆ, ಎಂದ ಅವನು. ಸೀಕ್ರೆಟ್ ಗಾರ್ಡನ್ ತಂಡದಲ್ಲಿ ಪಿಟೀಲು ಬಾರಿಸಿದ ಫಿಯೊನುಲಾ ಶೆರಿ ಐರಿಷ್ ಹೆಣ್ಣುಮಗಳು, ಆ ಹಾಡಿನಲ್ಲಿ ಮಾತು ಎಷ್ಟಿದೆ, ಪೂರ್ತಿ ಪಿಟೀಲೇ ಅಲ್ಲವೇ? ಹಾಗಾದರೆ ಜಾನಿ ಲೋಗನ್ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, ಅವನ ಎರಡನ್ನು ಕಳೆಯಿರಿ ಎಂದು ಆಕೆ ತಿರುಗಿಬಿದ್ದರು. ಡೇನಾ ಹುಟ್ಟಿದ್ದು ಲಂಡನ್ನಿನಲ್ಲಿ, ಅದನ್ನೂ ಕಳೆಯಲೇ ಎಂದ ಮುದುಕ. ಮೇಜೊರೆಸುವ ಹುಡುಗಿ ಬೆರಳೆಣಿಸತೊಡಗಿದಳು. ಐದಕ್ಕೆ ಬಂದಾಗ ನಾನು ಗಡಿಯಾರ ನೋಡಿ ಪೆಟ್ಟಿಗೆ ಎತ್ತಿಕೊಂಡೆ. ಮುದುಕ ಮಾತು ನಿಲ್ಲಿಸದೆಯೇ ಕೋಟು ಹಾಕಿಕೊಂಡ, ತನ್ನ ಕಾರಿನಲ್ಲಿ ನಿಲ್ದಾಣಕ್ಕೆ ಬಿಡುತ್ತೇನೆ ಎಂದ, ದಾರಿಯುದ್ದಕ್ಕೂ ಎಂಟನೆಯದನ್ನು ಬಿಟ್ಟುಕೊಡಲಿಲ್ಲ.