40 ಜನರ ಶಾಪು 200 ಆದಾಗ

ಪೀಣ್ಯದಂಥ ಕಡೆ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಮೆಷಿನ್) ಶಾಪೊಂದು 40 ಜನರಿಂದ 200ಕ್ಕೆ ಬೆಳೆಯುವಾಗ ಮೆಷಿನ್ ತರುವುದು ಸುಲಭದ ಭಾಗ. ಬ್ಯಾಂಕಿನವರು ಸಾಲ ಕೊಡುತ್ತಾರೆ, ಮೆಷಿನ್ ಕಂಪನಿಯವರೇ ಬಂದು ಲೆವೆಲ್ ಮಾಡಿಕೊಟ್ಟು ಹೋಗುತ್ತಾರೆ. ಕೈಕೊಡುವುದು ಅಲ್ಲಿಯವರೆಗೆ ಬಾಯಿಮಾತಿನಲ್ಲೇ ನಡೆಯುತ್ತಿದ್ದ ಸಂಗತಿಗಳು. ಯಾವ ಜಾಬಿಗೆ ಯಾವ ಇನ್ಸರ್ಟ್ (ಟೂಲಿನ ತುದಿಗೆ ಕೂರಿಸುವ ಕತ್ತರಿಸುವ ಬಿಲ್ಲೆ), ಯಾವ ಗೇಜ್ ಸವೆದಿದೆ, ಯಾವ ಡ್ರಾಯಿಂಗಿಗೆ ಗ್ರಾಹಕರು ಫೋನಿನಲ್ಲೇ ತಿದ್ದುಪಡಿ ಹೇಳಿದ್ದರು, ಎಲ್ಲವೂ ಜಾಬಿಗೆ ತಕ್ಕಂತೆ ಮೆಷಿನ್ ಹೊಂದಿಸಿಕೊಡುವ ಇಬ್ಬರು ಮೂವರು ಹಳೇ ಸೆಟ್ಟರ್‌ಗಳ ತಲೆಯಲ್ಲಿರುತ್ತದೆ. ಎಚ್‌ಆರ್‌ನವರು ಗೋಡೆಗೆ ಅಂಟಿಸಿದ ಪೋಸ್ಟರ್ ಓದಿ ಇಂಥ ಕಂಪನಿಯ ವರ್ಕ್ ಕಲ್ಚರ್ ತಿಳಿಯುವುದಿಲ್ಲ. ಪೀಸ್ ಕೆಟ್ಟಾಗ ಆಪರೇಟರ್ ಅದನ್ನು ಎಲ್ಲಿಡುತ್ತಾರೆ ಅಂತ ನೋಡಿದರೆ ಸಾಕು.

ಹೊಸಬರು ಹತ್ತು ಶಾಪುಗಳಿಂದ ಬಂದಿರುತ್ತಾರೆ, ಹತ್ತು ಥರದ ಕೈ ರೂಢಿ ತಂದಿರುತ್ತಾರೆ. ಮೆಷಿನ್ ನಡೆಸುವ ಫ್ಯಾನುಕ್ ಕಂಟ್ರೋಲರ್‌ನ ಆಫ್‌ಸೆಟ್ ಪುಟವನ್ನೇ ನೋಡಿ, ಸೈಜು ಸರಿಪಡಿಸಲು ಟೂಲನ್ನು ಎಷ್ಟು ಸರಿಸಬೇಕು ಅಂತ ಹೊಡೆಯುವ ಜಾಗ ಅದು. ಅಲ್ಲಿ ಅಕ್ಕಪಕ್ಕದಲ್ಲೇ ಎರಡು ಕೀಲಿ: ‘ಇನ್‌ಪುಟ್’ ಒತ್ತಿದರೆ ಹಳೇ ಸಂಖ್ಯೆ ಅಳಿಸಿ ಹೊಸದು ಕೂರುತ್ತದೆ; ‘ಪ್ಲಸ್ ಇನ್‌ಪುಟ್’ ಒತ್ತಿದರೆ ಇದ್ದದ್ದಕ್ಕೆ ಕೂಡುತ್ತದೆ. 30 ಎಂಎಂ ಶಾಫ್ಟ್, ಎಚ್7 ಟಾಲರೆನ್ಸ್ ಅಂದುಕೊಳ್ಳಿ. ಸೈಜಿನಲ್ಲಿ ವ್ಯತ್ಯಾಸಕ್ಕೆ ಒಟ್ಟು ಅವಕಾಶ 21 ಮೈಕ್ರಾನ್, ಅಂದರೆ 0.021 ಎಂಎಂ ಮಾತ್ರ. ವೇರ್ ಆಫ್‌ಸೆಟ್‌ನಲ್ಲಿ (ಟೂಲ್ ಸವೆತಕ್ಕೆ ಕೊಡುವ ತಿದ್ದುಪಡಿ) ಎಕ್ಸ್, ಅಂದರೆ ವ್ಯಾಸದ ಲೆಕ್ಕ, ಮೈನಸ್ 0.120 ಇದೆ, ಸೈಜು 0.010 ದಪ್ಪ ಬರುತ್ತಿದೆ. ಒಬ್ಬರು ಮೈನಸ್ 0.010 ಹೊಡೆದು ಪ್ಲಸ್ ಇನ್‌ಪುಟ್ ಒತ್ತುವವರು, ಇನ್ನೊಬ್ಬರು ಮೈನಸ್ 0.130 ಹೊಡೆದು ಇನ್‌ಪುಟ್ ಒತ್ತುವವರು. ಎರಡೂ ಸರಿಯೇ. ಕೈ ತಪ್ಪಿ ಮೊದಲನೆಯವರು ಬರೀ ಇನ್‌ಪುಟ್ ಒತ್ತಿದರೆ ಮುಂದಿನ ಪೀಸ್ 0.120 ದಪ್ಪ ಬರುತ್ತದೆ, ಮತ್ತೆ ಹಿಡಿದು ರಿವರ್ಕ್ ಮಾಡಬಹುದು. ಎರಡನೆಯವರು ಪ್ಲಸ್ ಇನ್‌ಪುಟ್ ಒತ್ತಿದರೆ 0.120 ಸಣ್ಣ ಆಗುತ್ತದೆ, ನೇರ ಸ್ಕ್ರಾಪ್. ಹಾಗಾಗಿ ಇಡೀ ಶಾಪಿಗೆ ಪ್ಲಸ್ ಇನ್‌ಪುಟ್ ಒಂದೇ ರೂಢಿ ಅಂತ ನಿಗದಿ ಮಾಡಿ, ಸೇರಿದ ಮೊದಲ ದಿನವೇ ಮೆಷಿನ್ ಮುಂದೆ ನಿಲ್ಲಿಸಿ ಹೇಳಿಕೊಡಬೇಕು. ಬಹಳ ಕಡೆ ಮೊದಲ ದಿನ ಹೊಸಬರಿಗೆ ತೋರಿಸುವುದು ಪಂಚಿಂಗ್ ಮೆಷಿನ್, ಕ್ಯಾಂಟೀನು, ಆಮೇಲೆ ಕಂಪನಿಯ ಬೆಳವಣಿಗೆಯ ಸ್ಲೈಡುಗಳು.

ಪೀಸ್ ಕೆಟ್ಟ ಮೇಲೆ ಸೂಪರ್‌ವೈಸರ್ ಎಲ್ಲರೆದುರು ಬೈದರೆ ಮುಂದಿನ ಕೆಟ್ಟ ಪೀಸ್ ಕತ್ತರಿಸಿದ ಲೋಹದ ಚೂರು ತುಂಬುವ ಚಿಪ್ಸ್ ಬಿನ್ನಿನ ತಳ ಸೇರುತ್ತದೆ. ಸ್ಟೋರಿನಿಂದ ಕೊಟ್ಟ ಬ್ಲಾಂಕ್‌ಗಳ (ಇನ್ನೂ ಕತ್ತರಿಸದ ತುಂಡು) ಸಂಖ್ಯೆಗೂ ಡಿಸ್ಪ್ಯಾಚ್ ಆದ ಪೀಸ್‌ಗಳ ಸಂಖ್ಯೆಗೂ ತಾಳೆಯಾಗದಿದ್ದರೆ ಮೊದಲು ಹುಡುಕಬೇಕಾದದ್ದು ಕಳ್ಳರನ್ನಲ್ಲ, ಅಲ್ಲಿಯೇ. ರಿಜೆಕ್ಷನ್ ಬಿನ್ ಕೆಂಪು ಇದ್ದರೆ ಸಾಲದು, ಬೀಗ ಹಾಕಿ ಮೇಲೆ ಕಿಂಡಿ ಬಿಡಬೇಕು. ಹಾಕುವ ಪೀಸಿಗೆ ಮೆಷಿನ್ ನಂಬರ್, ಹೊತ್ತು, ಕೆಟ್ಟ ಡೈಮೆನ್ಶನ್ ಬರೆದ ಟ್ಯಾಗ್ ಕಟ್ಟಬೇಕು. ಆಪರೇಟರ್ ಹೆಸರಿಗೆ ಅಲ್ಲಿ ಜಾಗ ಕೊಡಬೇಡಿ, ಬೇಕಿದ್ದರೆ ಶಿಫ್ಟ್ ಚಾರ್ಟ್ ನೋಡಿದರೆ ಗೊತ್ತಾಗುತ್ತದೆ. ಬೈಗುಳ ನಿಲ್ಲಿಸಿದ ಮೊದಮೊದಲು ರಿಜೆಕ್ಷನ್ ಅಂಕಿ ಏರುತ್ತದೆ, ಇಷ್ಟು ದಿನ ಅಡಗಿದ್ದದ್ದು ಲೆಕ್ಕಕ್ಕೆ ಬರುತ್ತದೆ ಅಷ್ಟೆ. ಅದನ್ನು ಕಂಡು ಮೇಲಿನವರು ಗಾಬರಿಯಾಗಿ ಮೀಟಿಂಗ್ ಕರೆದು ಕೂಗಾಡಿದರೆ, ಬಿನ್ ವಾರದೊಳಗೆ ಖಾಲಿಯಾಗುತ್ತದೆ. ಖಾಲಿ ಬಿನ್ನಿಗೆ ಖುಷಿಪಡುವ ಮ್ಯಾನೇಜರುಗಳೂ ಇದ್ದಾರೆ.

ಇನ್ನು ಫಸ್ಟ್ ಪೀಸ್. ಶಿಫ್ಟ್ ಶುರುವಾದಾಗ, ಇನ್ಸರ್ಟ್ ಬದಲಿಸಿದಾಗ, ಆಫ್‌ಸೆಟ್ ಮುಟ್ಟಿದಾಗ, ಕರೆಂಟ್ ಹೋಗಿ ಬಂದಾಗ ಒಂದು ಪೀಸ್ ಅಳೆದು ಸಹಿ ಆಗಬೇಕು. ನಿಂತಿದ್ದ ಮೆಷಿನ್ ತಣ್ಣಗಾಗಿರುತ್ತದೆ. ಸ್ಪಿಂಡಲ್ ಬಿಸಿಯೇರುತ್ತಿದ್ದಂತೆ ಸೈಜು ಸರಿಯುತ್ತದೆ. ಆದ್ದರಿಂದ ಹತ್ತು ಹದಿನೈದು ನಿಮಿಷ ಖಾಲಿ ಓಡಿಸಿ ಆಮೇಲೆ ಕತ್ತರಿಸುವುದು ಒಳ್ಳೆಯದು. ಇದು ಎಲ್ಲರಿಗೂ ಗೊತ್ತು. ನಡೆಯದಿರುವುದಕ್ಕೆ ಕಾರಣ ಬೇರೆ: ಮೆಷಿನ್ 10ರಿಂದ 40 ಆಗಿರುತ್ತದೆ, ಇನ್‌ಸ್ಪೆಕ್ಟರ್‌ಗಳು ಮಾತ್ರ ಮೊದಲಿನ ಇಬ್ಬರೇ, ಅದೂ ಜನರಲ್ ಶಿಫ್ಟಿನಲ್ಲಿ. ಪೀಸ್ ಅಳೆಯುವ ಸಿಎಂಎಂ ಮೆಷಿನ್ ಮುಂದೆ ಕ್ಯೂ. ರಾತ್ರಿ ಪಾಳಿಯಲ್ಲಿ ಆಪರೇಟರ್ ತಾವೇ ಅಳೆದು ತಾವೇ ಸಹಿ ಹಾಕಿ ಓಡಿಸುತ್ತಾರೆ, ಬೆಳಿಗ್ಗೆ ಇಡೀ ಲಾಟ್ ಬಿಚ್ಚಿ ಆರಿಸುವ ಕೆಲಸ. ಪ್ರೊಡಕ್ಷನ್ ಟಾರ್ಗೆಟ್‌ನಲ್ಲಿ ಫಸ್ಟ್ ಪೀಸ್ ಕಾಯುವ ಹೊತ್ತನ್ನು ಕಳೆದು ಲೆಕ್ಕ ಹಾಕದಿದ್ದರೆ ಆಪರೇಟರ್ ಕಾಯುವುದಿಲ್ಲ, ತಪ್ಪು ಅವರದಲ್ಲ.

ಶಿಫ್ಟ್ ಬದಲಾಗುವಾಗಿನ ಕತೆ ಇನ್ನೂ ಸರಳ. ಎರಡು ಗಂಟೆಗೆ ಪಾಳಿ ಮುಗಿದು, ಕಂಪನಿ ಬಸ್ಸು ಎರಡೂ ಹತ್ತಕ್ಕೆ ಹೊರಟರೆ, ಹ್ಯಾಂಡ್‌ಓವರ್ ಅಂದರೆ ಗೇಟಿನಲ್ಲಿ ಎದುರಾದಾಗ ‘ಎಲ್ಲ ಸರಿ ಇದೆ ಗುರು’ ಅನ್ನುವುದು. ಬಸ್ಸನ್ನು 2:25ಕ್ಕೆ ತಳ್ಳಿ, 15 ನಿಮಿಷ ಇಬ್ಬರೂ ಮೆಷಿನ್ ಮುಂದೆ ನಿಲ್ಲುವ ಹಾಗೆ ಮಾಡಿ. ಹೇಳಬೇಕಾದದ್ದು ನಾಲ್ಕೇ: ಕೊನೆಗೆ ಅಳೆದ ಪೀಸಿನ ಸೈಜು, ಯಾವ ಟೂಲಿನ ಆಫ್‌ಸೆಟ್ ಎಷ್ಟು ಸರಿಸಿದ್ದು, ಇನ್ಸರ್ಟಿನ ಎಷ್ಟನೇ ಮೂಲೆ ನಡೆಯುತ್ತಿದೆ, ಏನಾದರೂ ಹೊಸ ಸದ್ದು ಬರುತ್ತಿದೆಯೇ. ಎಂಟು ಗಂಟೆಯ ಪಾಳಿಯಲ್ಲಿ ಊಟದ ಅರ್ಧ ಗಂಟೆ ಬಿಟ್ಟರೆ ಆರು ದಿನಕ್ಕೆ 45 ಗಂಟೆ ಕೆಲಸ. ದಿನಕ್ಕೆ 15 ನಿಮಿಷ ಸೇರಿಸಿದರೂ 46.5, ವಾರದ 48ರ ಮಿತಿಯೊಳಗೇ. ಹಾಗಂತ ಆ ಹೊತ್ತು ಪುಕ್ಕಟೆ ಸಿಗಬೇಕೆಂದಿಲ್ಲ. ಸಂಬಳ ಕೊಡದ 15 ನಿಮಿಷವನ್ನು ಜನ ಬೇರೆ ಕಡೆ ವಸೂಲಿ ಮಾಡಿಕೊಳ್ಳುತ್ತಾರೆ. 48 ಮೀರಿದ್ದಕ್ಕೆ ಎರಡು ಪಟ್ಟು ದರದಲ್ಲಿ ಓಟಿ ಅಂತ 1948ರ ಕಾರ್ಖಾನೆ ಕಾಯ್ದೆಯಿಂದಲೂ ಇದೆ. ಅದನ್ನು ‘ಸಿಂಗಲ್’ ದರದಲ್ಲಿ ಕೊಟ್ಟು, ಪೇ ಸ್ಲಿಪ್ಪಿನಲ್ಲಿ ಇನ್ಸೆಂಟಿವ್ ಅಂತ ಬರೆಯುವ ಚಾಳಿ ಬೆಳೆಯುವ ಕಂಪನಿಗಳಲ್ಲಿ ಸಾಮಾನ್ಯ. ಕೆಲಸಕ್ಕೆ ಸೇರುವವರು ಹಳೇ ಉದ್ಯೋಗಿಯೊಬ್ಬರ ಸ್ಲಿಪ್ ನೋಡಿಯೇ ಮುಂದುವರಿಯುವುದು ಕ್ಷೇಮ.

ಸಂಬಳದ ಗುಟ್ಟು ಯಾವ ಶಾಪಿನಲ್ಲೂ ಉಳಿಯುವುದಿಲ್ಲ, ಟೀ ಅಂಗಡಿಯಲ್ಲಿ ಎಲ್ಲ ಗೊತ್ತಾಗುತ್ತದೆ. ಆರ್ಡರ್ ಜಾಸ್ತಿಯಾಗಿ ಅವಸರದಲ್ಲಿ ಜನ ತೆಗೆದುಕೊಳ್ಳುವಾಗ ಹೊಸಬರಿಗೆ ಮಾರುಕಟ್ಟೆ ದರ, ಹಳಬರಿಗೆ ವರ್ಷದ ಇನ್‌ಕ್ರಿಮೆಂಟ್. ಐದು ವರ್ಷ ದುಡಿದ ಸೆಟ್ಟರ್ ತಾವೇ ಕಲಿಸಿದ ಹುಡುಗನಿಗಿಂತ ಕಮ್ಮಿ ಪಡೆಯುತ್ತಿದ್ದರೆ ಕಲಿಸುವುದನ್ನು ನಿಲ್ಲಿಸುತ್ತಾರೆ. ಜಗಳವಾಡುವುದಿಲ್ಲ, ಬರೀ ಮೆಲ್ಲಗೆ ಬಾಯಿ ಮುಚ್ಚಿಕೊಳ್ಳುತ್ತಾರೆ, ಆಮೇಲೆ ಪಕ್ಕದ ರಸ್ತೆಯ ಕಂಪನಿಗೆ ಹೋಗುತ್ತಾರೆ.

ಇದಕ್ಕೆ ಸ್ಕಿಲ್ ಮ್ಯಾಟ್ರಿಕ್ಸ್ (ಯಾರಿಗೆ ಯಾವ ಕೆಲಸ ಬರುತ್ತದೆ ಅನ್ನುವ ಪಟ್ಟಿ) ಕೆಲಸಕ್ಕೆ ಬರುತ್ತದೆ, ಆಡಿಟ್‌ಗೆ ತೋರಿಸಲು ಮಾತ್ರ ಇಟ್ಟುಕೊಳ್ಳದಿದ್ದರೆ. ಲೋಡಿಂಗ್, ಅಳತೆ, ಆಫ್‌ಸೆಟ್, ಸೆಟ್ಟಿಂಗ್, ಪ್ರೋಗ್ರಾಂ ತಿದ್ದುವುದು ಅಂತ ಐದು ಹಂತ. ಪ್ರತಿ ಹಂತಕ್ಕೂ ಸಂಬಳದ ಕೆಳಮಿತಿ ಇಷ್ಟು ಅಂತ ಬರೆದು ನೋಟಿಸ್ ಬೋರ್ಡಿಗೆ ಹಾಕಬೇಕು. ಜನ ತೆಗೆದುಕೊಳ್ಳುವ ಮೊದಲೇ ಹಳಬರನ್ನು ಆ ಮಿತಿಗೆ ಏರಿಸಬೇಕು. ಇನ್ನೊಬ್ಬರಿಗೆ ಕಲಿಸಿ ಒಂದು ಹಂತ ದಾಟಿಸಿದವರಿಗೆ ಬೇರೆ ಭತ್ಯೆ ಇಡಬೇಕು. ಹಂತ ದಾಟಿದ್ದಕ್ಕೆ ಸಹಿ ಹಾಕುವವರು ಸೂಪರ್‌ವೈಸರ್ ಒಬ್ಬರೇ ಆಗಬಾರದು, ಕ್ವಾಲಿಟಿಯವರದ್ದೂ ಬೇಕು. ಇಲ್ಲದಿದ್ದರೆ ಸೂಪರ್‌ವೈಸರ್ ಊರಿನವರೆಲ್ಲ ಮೊದಲು ಸೆಟ್ಟರ್ ಆಗಿಬಿಡುತ್ತಾರೆ.