ಫರ್ಸಿ ಮನೆ, ತಗಡಿನ ಮನೆ: ನಮ್ಮ ವಿಜ್ಞಾನ ತಂಡದ ದಿನಚರಿ

28 ಜೂನ್ 2020

ಬೇಸಿಗೆ ಕೈತಪ್ಪಿತು. ಚಾವಣಿಗೂ ಮನೆಯೊಳಗಿನ ಸೆಖೆಗೂ ಇರುವ ಸಂಬಂಧವನ್ನು ಏಪ್ರಿಲ್, ಮೇ ತಿಂಗಳಲ್ಲಿ ಅಳೆಯಬೇಕೆಂದು ಮಕ್ಕಳೂ ನಾನೂ ಜನವರಿಯಲ್ಲೇ ಯೋಜನೆ ಹಾಕಿದ್ದೆವು. ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಶಾಲೆಗೆ ಬೀಗ ಬಿತ್ತು, ಥರ್ಮಾಮೀಟರುಗಳು ಪ್ರಯೋಗಾಲಯದ ಕಪಾಟಿನಲ್ಲೇ ಉಳಿದವು. ಈಗ ಕಪಾಟು ತೆರೆದಿದ್ದೇನೆ, ಹೊರಗೆ ಮಳೆ.

ಆದರೂ ಬಿಡುವುದಿಲ್ಲ. ಚಿತ್ತಾಪುರ ತಾಲ್ಲೂಕಿನ ನಮ್ಮ ಊರಿನಲ್ಲಿ ಚಾವಣಿಗಳು ಮುಖ್ಯವಾಗಿ ಮೂರು ಬಗೆ: ಹಳೆಯ ಮಣ್ಣಿನ ಮಾಳಿಗೆ, ಶಹಾಬಾದ್ ಫರ್ಸಿ, ಅಂದರೆ ಚಪ್ಪಟೆ ಕಲ್ಲು, ಹಾಸಿದ್ದು, ತಗಡು. ಆರ್‌ಸಿಸಿಯೂ ಇದೆ. ಆ ಮನೆಗಳ ಮಕ್ಕಳು ಬಹುತೇಕ ಪಟ್ಟಣದ ಶಾಲೆಗೆ ಹೋಗುತ್ತಾರೆ, ನಮ್ಮ ಲೆಕ್ಕಕ್ಕೆ ಸಿಗುವುದಿಲ್ಲ.

ಕಳೆದ ವರ್ಷ ಅಂತರಶಾಲಾ ಸ್ಪರ್ಧೆಗೆ ನಮ್ಮಿಂದ ನಾಲ್ಕು ತಂಡಗಳು, ತಂಡಕ್ಕೆ ಮೂವರಂತೆ ಹನ್ನೆರಡು ಮಕ್ಕಳು ಹೋಗಿದ್ದರು. ಈ ವರ್ಷ ಹೆಸರು ಕೊಟ್ಟವರು ಹದಿನಾಲ್ಕು! ಪುಣೆ, ಮುಂಬೈಗೆ ದುಡಿಯಲು ಹೋಗಿದ್ದವರು ಮೇ ತಿಂಗಳಲ್ಲಿ ಮಕ್ಕಳ ಸಮೇತ ಊರಿಗೆ ಮರಳಿದ್ದರಿಂದ ಸಂಖ್ಯೆ ಏರಿದೆ.

19 ಜುಲೈ

ಸರಿಯಾಗಿರುವ ಥರ್ಮಾಮೀಟರುಗಳು ಒಂಬತ್ತು. ಹಾಗಾಗಿ ಮನೆಗಳೂ ಒಂಬತ್ತು. ಅಕ್ಕ-ತಂಗಿ, ಅಣ್ಣ-ತಮ್ಮ ಒಂದನ್ನೇ ಹಂಚಿಕೊಳ್ಳಬೇಕು. ಎಲ್ಲವೂ ಕೆಂಪು ಸ್ಪಿರಿಟ್‌ನವು. ಪಾದರಸದ್ದನ್ನು ಮಕ್ಕಳ ಮನೆಗೆ ಕೊಡುವ ಧೈರ್ಯ ನನಗಿಲ್ಲ.

ಕೊಡುವ ಮೊದಲು ಒಂಬತ್ತನ್ನೂ ಕರಗುತ್ತಿರುವ ಐಸಿನ ಪುಡಿಯಲ್ಲಿ ನಿಲ್ಲಿಸಿದೆವು. ಎಲ್ಲವೂ ಸೊನ್ನೆ ತೋರಿಸಬೇಕಿತ್ತು. ತೋರಿಸಿದ್ದು ಐದು ಮಾತ್ರ. 2ನೆಯದು ಒಂದೂವರೆ ಡಿಗ್ರಿ ಮೇಲೆ, 8ನೆಯದು ಅರ್ಧ ಡಿಗ್ರಿ ಕೆಳಗೆ, ಇನ್ನೆರಡು ಒಂದೊಂದು ಡಿಗ್ರಿ ಮೇಲೆ. 6ನೆಯದರಲ್ಲಿ ಕೆಂಪು ಗೆರೆಯೇ ನಡುವೆ ಕಡಿದಿತ್ತು. ಅದು ತೋರಿಸಿದ ಸೊನ್ನೆಯನ್ನು ನಂಬುವಂತಿರಲಿಲ್ಲ. ಐಸಿಗೆ ಎರಡು ಹಿಡಿ ಉಪ್ಪು ಬೆರೆಸಿ ಅದರಲ್ಲಿ ನಿಲ್ಲಿಸಿದಾಗ ಗೆರೆ ನಿಧಾನವಾಗಿ ಇಳಿದು ಬುರುಡೆಯೊಳಗೆ ಸೇರಿಕೊಂಡಿತು. ಹೊರತೆಗೆದು ನೆಟ್ಟಗೆ ಹಿಡಿದರೆ ಕಡಿದ ತುಂಡು ಕೂಡಿಕೊಂಡೇ ಮೇಲೇರಿತು. ಪುಣೆಯಿಂದ ಬಂದ ಎಂಟನೆಯ ತರಗತಿಯ ಹುಡುಗ ಅದನ್ನೇ ತನಗೆ ಕೊಡಬೇಕೆಂದು ಹಟ ಹಿಡಿದ. ಕೊಟ್ಟೆ. ಪ್ರತಿ ಮನೆಗೂ ಎಷ್ಟು ಕೂಡಬೇಕು, ಎಷ್ಟು ಕಳೆಯಬೇಕು ಎಂಬ ಚೀಟಿ ಅಂಟಿಸಿ ಕಳುಹಿಸಿದೆ.

23 ಆಗಸ್ಟ್

ಶಾಲೆ ಮುಚ್ಚಿರುವಾಗ ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಪಾಠ ಮಾಡುವ ಸರ್ಕಾರದ ಯೋಜನೆ, ವಿದ್ಯಾಗಮ, ಶುರುವಾದದ್ದು ನಮಗೆ ವರವಾಯಿತು. ಹನುಮಂತ ದೇವರ ಗುಡಿಯ ಕಟ್ಟೆಯಲ್ಲಿ ಪಾಠ ಮುಗಿಸಿ, ಉಳಿದ ಅರ್ಧ ಗಂಟೆಯಲ್ಲಿ ಅಂಕಿಗಳನ್ನು ನೋಡುತ್ತೇವೆ. ಅದಕ್ಕೆ ಮೊದಲು ಒಂದು ತಿಂಗಳು ಮೊಬೈಲ್‌ನಲ್ಲಿ ಸಭೆ ನಡೆಸಿ ನೋಡಿದ್ದೆ. ಇಬ್ಬರು ಬೇಸತ್ತು ಬಿಟ್ಟೇಬಿಟ್ಟರು. ಅವರದೇನೂ ತಪ್ಪಿಲ್ಲ, ನಲವತ್ತು ನಿಮಿಷ ನಾನೊಬ್ಬನೇ ಮಾತಾಡುತ್ತಿದ್ದೆ.

ಮೊಬೈಲ್‌ನ ಕಥೆಯೇ ಬೇರೆ. ಅದು ಅಪ್ಪನ ಜೊತೆ ಬೆಳಿಗ್ಗೆ ಗಣಿಗೆ ಹೋಗುತ್ತದೆ, ಕತ್ತಲಾದ ಮೇಲೆ ಅವರ ಜೊತೆಗೇ ಮನೆಗೆ ಬರುತ್ತದೆ. ಮಧ್ಯಾಹ್ನ ಎರಡರ ರೀಡಿಂಗ್ ಕಳುಹಿಸುವುದು ಹೇಗೆ? ಮನೆ 4ರ ಹುಡುಗಿ ದಾರಿ ಕಂಡುಕೊಂಡಳು. ಬಾಗಿಲ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದಿನಾಂಕ, ಎರಡರ ಅಂಕಿ, ರಾತ್ರಿ ಒಂಬತ್ತರ ಅಂಕಿ. ಅಪ್ಪ ಬಂದ ಮೇಲೆ ಗೋಡೆಯ ಫೋಟೊ. ಈಗ ಆರು ಮನೆಗಳ ಗೋಡೆಗಳು ಹೀಗೆ ತುಂಬುತ್ತಿವೆ. ಒಬ್ಬ ತಾಯಿ ನನ್ನನ್ನು ತಡೆದು, "ಮಾಸ್ತರೇ, ದೀಪಾವಳಿಗೆ ಸುಣ್ಣ ಬಳಿಯಬಹುದೋ ಇಲ್ಲವೋ, ಈಗಲೇ ಹೇಳಿಬಿಡಿ" ಎಂದರು.

13 ಸೆಪ್ಟೆಂಬರ್

ಮಳೆ ನಾಲ್ಕು ದಿನ ಬಿಡುವು ಕೊಟ್ಟಿತು, ಚುರುಕು ಬಿಸಿಲು. ತಿದ್ದಿದ ಸರಾಸರಿ ಹೀಗಿದೆ. ಮಧ್ಯಾಹ್ನ ಎರಡಕ್ಕೆ ಹೊರಗೆ ನೆರಳಿನಲ್ಲಿ 33 ಡಿಗ್ರಿ. ತಗಡಿನ ಕೆಳಗೆ 38.5, ಫರ್ಸಿಯ ಕೆಳಗೆ 34.5, ಮಾಳಿಗೆಯ ಕೆಳಗೆ 30. ರಾತ್ರಿ ಒಂಬತ್ತಕ್ಕೆ ಹೊರಗೆ 25.5; ತಗಡು 27ಕ್ಕೆ ಇಳಿದಿದೆ, ಫರ್ಸಿ ಇನ್ನೂ 32ರಲ್ಲಿ ಕೂತಿದೆ, ಮಾಳಿಗೆ 30.5.

ತಗಡು ತೆಳು, ಬಿಸಿಲು ಬಿದ್ದೊಡನೆ ಕಾಯುತ್ತದೆ, ಬಿಸಿಲು ಸರಿದೊಡನೆ ಆರುತ್ತದೆ. ಕಲ್ಲು ಹಗಲೆಲ್ಲ ಹೀರಿಕೊಂಡ ಬಿಸಿಯನ್ನು ರಾತ್ರಿ ಬಿಡುತ್ತದೆ. ಮಾಳಿಗೆಯ ಮೊಣಕೈಯುದ್ದದ ಮಣ್ಣನ್ನು ದಾಟಿ ಒಳಬರುವಷ್ಟರಲ್ಲಿ ಹಗಲಿನ ಕಾವು ಸೊರಗಿಹೋಗಿರುತ್ತದೆ. ಫರ್ಸಿ ಮನೆಯವರು ಬೇಸಿಗೆಯಲ್ಲಿ ಅಂಗಳಕ್ಕೆ ಹೊರಸು ಎಳೆದುಕೊಳ್ಳುವುದೇಕೆ ಎಂಬುದಕ್ಕೆ ಅಂಕಿ ಸಿಕ್ಕಿತು. ಶಾಲೆ ನಡೆಯುತ್ತಿದ್ದರೆ ನಾವು ಹನ್ನೊಂದರಿಂದ ನಾಲ್ಕರವರೆಗೆ ಮಾತ್ರ ಅಳೆದು, ತಗಡೇ ಖಳನಾಯಕ ಎಂದು ತೀರ್ಪು ಕೊಟ್ಟು ಮನೆಗೆ ಹೋಗುತ್ತಿದ್ದೆವು. ರಾತ್ರಿಯ ಅಂಕಿ ಸಿಕ್ಕಿದ್ದು ಬೀಗದ ದಯೆ.

25 ಅಕ್ಟೋಬರ್

ವಿದ್ಯಾಗಮ ನಿಂತಿತು. ಅದರ ಬೆನ್ನಿಗೇ ಮಳೆ. ಕಾಗಿಣಾ ನದಿ ತುಂಬಿತು, ಅತ್ತ ಭೀಮೆ ದಂಡೆಯ ಊರುಗಳನ್ನೇ ನುಂಗಿತು. ನಮ್ಮ ಪಟ್ಟಿಯಲ್ಲಿ ಮಾಳಿಗೆ ಮನೆಗಳು ಎರಡೇ ಇದ್ದವು. ಮನೆ 3ರ ಹಿಂಗೋಡೆ ಕುಸಿಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಎಲ್ಲರೂ ಸೋದರಮಾವನ ಊರಿಗೆ ಹೋದರು. ಮನೆ 9ರ ಮಾಳಿಗೆ ಮೂರು ಕಡೆ ಸೋರಿ, ಮೇಲೆ ತಾಡಪಾಲು ಹೊದಿಸಿದ್ದಾರೆ. ಅದು ಈಗ ಯಾವ ಬಗೆಯ ಚಾವಣಿ ಎಂದು ಬರೆಯಲಿ? ಆ ಕಾಲಂ ಮುಚ್ಚಿದೆ.

29 ನವೆಂಬರ್

ದೀಪಾವಳಿ ಮುಗಿದೊಡನೆ ಪುಣೆಯವರು ಪುಣೆಗೆ ಹೊರಟರು. ನಾಲ್ಕು ಮಕ್ಕಳು ಒಂದೇ ವಾರದಲ್ಲಿ ಖಾಲಿ. 6ನೆಯ ಥರ್ಮಾಮೀಟರ್ ಸಹ ಕಾಣುತ್ತಿಲ್ಲ. ಇಬ್ಬರು ಹತ್ತಿ ಬಿಡಿಸಲು ಹೋಗುತ್ತಿದ್ದಾರೆ. ಇನ್ನೇನು ತೊಗರಿ ಕಟಾವು ಶುರುವಾಗುತ್ತದೆ, ಅವರನ್ನು ಫೆಬ್ರುವರಿಯವರೆಗೆ ಕರೆಯುವಂತಿಲ್ಲ. ಉಳಿದವರು ನಾಲ್ವರು.

ಶಿಕ್ಷಕರ ಸಭೆಯೊಂದರಲ್ಲಿ "ಮಕ್ಕಳಲ್ಲಿ ವಿಜ್ಞಾನದ ಆಸಕ್ತಿ ಕುಗ್ಗಿದೆ, ತಂಡಗಳೇ ಬರುತ್ತಿಲ್ಲ" ಎಂಬ ಮಾತು ಬಂತು. ನನ್ನ ಪಟ್ಟಿಯಲ್ಲಿ ಬಿಟ್ಟುಹೋದವರು ಹತ್ತು ಮಂದಿ. ಆಸಕ್ತಿ ಕುಗ್ಗಿದವರು ಇಬ್ಬರು, ಅದೂ ನನ್ನ ಭಾಷಣದಿಂದ. ಹೀಗೆಂದು ಸಭೆಯಲ್ಲಿ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

17 ಜನವರಿ 2021

ಹತ್ತನೆಯ ತರಗತಿಗೆ ಶಾಲೆ ತೆರೆದಿದೆ. ಹಾಗಾಗಿ ತಂಡದ ಇಬ್ಬರು ಹತ್ತನೆಯವರೂ ಹೋದರು. "ಪರೀಕ್ಷೆ ಮುಗಿಯಲಿ ಸರ್" ಎಂದರು. ಸರಿಯೇ. ಇಬ್ಬರು ಉಳಿದರು: ಮನೆ 4ರ ಹುಡುಗಿ, ಒಂಬತ್ತನೆಯ ತರಗತಿ, ಮನೆ 7ರ ಹುಡುಗ, ಎಂಟನೆಯದು. ಎರಡೂ ಫರ್ಸಿ ಮನೆಗಳು. ಹೋಲಿಸಲು ಬೇರೆ ಚಾವಣಿ ಇಲ್ಲವಾದ್ದರಿಂದ ಪ್ರಶ್ನೆಯನ್ನೇ ಬದಲಿಸಿದೆವು: ಒಂದು ಫರ್ಸಿಗೆ ಸುಣ್ಣ ಬಳಿದು, ಇನ್ನೊಂದನ್ನು ಹಾಗೆಯೇ ಬಿಟ್ಟರೆ ಎಷ್ಟು ವ್ಯತ್ಯಾಸ? ಸುಣ್ಣ ಬಳಿಯುವ ಮೊದಲು ಎರಡು ವಾರ ಎರಡೂ ಮನೆಗಳನ್ನು ಅಳೆದಿಟ್ಟುಕೊಂಡೆವು, ಅವು ಮೊದಲೇ ಬೇರೆಯಾಗಿದ್ದರೆ ಗೊತ್ತಾಗಬೇಕಲ್ಲ. ಮನೆ 4 ಕಾಲು ಡಿಗ್ರಿ ಹೆಚ್ಚು, ಅಷ್ಟೇ.

21 ಫೆಬ್ರುವರಿ

ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಕೈ ಬಳಿದದ್ದು ಮನೆ 4ಕ್ಕೆ. ಈ ವಾರ ಮಧ್ಯಾಹ್ನ ಅದು ಮನೆ 7ಕ್ಕಿಂತ ಎರಡು ಡಿಗ್ರಿ ತಂಪು, ರಾತ್ರಿ ಎರಡೂವರೆ. ಬಿಳುಪು ಬಿಸಿಲನ್ನು ಹಿಂದಕ್ಕೆ ಕಳುಹಿಸಿದರೆ ಕಲ್ಲಿನ ಬಳಿ ರಾತ್ರಿ ಬಿಡಲು ಅಷ್ಟು ಬಿಸಿ ಇರುವುದಿಲ್ಲ. ಹುಡುಗಿಯ ಅಜ್ಜಿಗೆ ಮಾತ್ರ ಸಿಟ್ಟು. ಚಾವಣಿ ಮೇಲೆ ಒಣಹಾಕಿದ ಹಪ್ಪಳಕ್ಕೆಲ್ಲ ಸುಣ್ಣ ಮೆತ್ತಿದೆಯಂತೆ.

ಸ್ಪರ್ಧೆಯ ನೋಂದಣಿ ಅರ್ಜಿಯಲ್ಲಿ ಮೂರು ಹೆಸರು ಕಡ್ಡಾಯ. ನಮ್ಮಲ್ಲಿ ಇಬ್ಬರು. ಕೈಬಿಡುವುದೆಂದುಕೊಂಡು, ಹಳೆಯ ಗೋಡೆ ಫೋಟೊಗಳನ್ನು ಒಮ್ಮೆ ತಿರುವಿದೆ. ಮನೆ 4ರ ಗೋಡೆಯಲ್ಲಿ ಒಂಬತ್ತರ ಅಂಕಿಗಳು ಓರೆಯಾಗಿ, ಅವಸರದಲ್ಲಿ ಬರೆದವು. ಎರಡರ ಅಂಕಿಗಳು ದುಂಡಗೆ, ದೊಡ್ಡದಾಗಿ, ಒಂದೂವರೆ ಅಡಿ ಕೆಳಗೆ. ಆಗಸ್ಟ್‌ನಿಂದಲೂ ಹೀಗೆಯೇ. ಕೇಳಿದರೆ ಹುಡುಗಿ ತಲೆ ತಗ್ಗಿಸಿದಳು: "ನಾನು ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದೆ ಸರ್. ಹಗಲಿನದು ತಂಗಿ ಬರೆದದ್ದು." ತಂಗಿ ಆರನೆಯ ತರಗತಿ. ನನ್ನ ಹದಿನಾಲ್ಕರ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ಮೂರನೆಯ ಹೆಸರು ಅವಳದಾಯಿತು.

7 ಮಾರ್ಚ್

ಅರ್ಜಿ ಹೋಯಿತು. ವಿಡಿಯೊದಲ್ಲಿ ಮಾತಾಡುವುದು ತಂಗಿಯೇ, ಅಕ್ಕನಿಗೆ ಕ್ಯಾಮೆರಾ ಎಂದರೆ ಅಂಜಿಕೆ.

ನಿನ್ನೆ ರಾತ್ರಿ ಗೊತ್ತಿಲ್ಲದ ಸಂಖ್ಯೆಯಿಂದ ಫೋಟೊ ಬಂತು. ಕಟ್ಟಡ ಕೆಲಸಗಾರರ ತಗಡಿನ ಶೆಡ್ಡು, ಪ್ಲೈವುಡ್ ಗೋಡೆಯ ಮೇಲೆ ಇದ್ದಿಲಿನಲ್ಲಿ ಡಿಸೆಂಬರ್‌ನಿಂದ ಬರೆದ ಎರಡು ಸಾಲು ಅಂಕಿಗಳು, ಪಕ್ಕದ ಮೊಳೆಗೆ ನೇತುಹಾಕಿದ ಥರ್ಮಾಮೀಟರ್. ನನ್ನ ಚೀಟಿ ಇನ್ನೂ ಅಂಟಿಕೊಂಡೇ ಇದೆ. ಸ್ಟಾಕ್ ರಿಜಿಸ್ಟರ್‌ನಲ್ಲಿ 6ರ ಎದುರು "ಕಳೆದಿದೆ" ಎಂದು ಬರೆದಿದ್ದನ್ನು ಹೊಡೆದುಹಾಕಿ, ಸದ್ಯಕ್ಕೆ ಪೆನ್ಸಿಲಿನಲ್ಲಿ "ಪುಣೆ" ಎಂದು ಬರೆದಿದ್ದೇನೆ.