ಒಮ್ಮೆ ಹೀಲಿಂಗ್ ಮಾಡಿಸಿ ನೋಡಿದರೆ ಏನು ಲುಕ್ಸಾನ?

ಮದುವೆ ಮನೆ ಇರಲಿ, ಧಾರವಾಡದ ಸುಭಾಷ್ ರೋಡ್ ಇರಲಿ, ಎಲ್ಲಿ ಸಿಕ್ಕರೂ ಇದೇ ಪ್ರಶ್ನೆ. ನನ್ನ ಮಗನಿಗೆ ಒಂಬತ್ತು ವರ್ಷ. ಆಟಿಸಂ ಇದೆ, ಅಂದರೆ ಮಾತು, ಜನರ ಜೊತೆ ಬೆರೆಯುವ ರೀತಿ ಬೇರೆ ಮಕ್ಕಳ ಹಾಗಲ್ಲ. ಜನ ಅವನನ್ನು ಒಂದು ನಿಮಿಷ ನೋಡುತ್ತಾರೆ. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸುತ್ತಾರೆ. "ಹುಬ್ಬಳ್ಳ್ಯಾಗ ಎನರ್ಜಿ ಹೀಲಿಂಗ್ ಕ್ಯಾಂಪ್ ಐತಂತ್ರಿ. ಇಡೀ ಫ್ಯಾಮಿಲಿಗೇ ಮಾಡ್ತಾರಂತ. ಒಮ್ಮೆ ಮಾಡಿಸಿ ನೋಡ್ರಿ, ಏನ್ ಲುಕ್ಸಾನ ಐತಿ?" ಮೈಯೊಳಗಿನ 'ಶಕ್ತಿ' ಸರಿಮಾಡಿ ಕಾಯಿಲೆ ವಾಸಿ ಮಾಡುತ್ತೇವೆ ಎನ್ನುವವರ ಶಿಬಿರ ಅದು.

ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಮೊದಲು, ಆ ದನಿ ತಗ್ಗಿಸುವುದನ್ನು ಬಿಡಿ. ಅವನಿಗೆ ಮಾತು ಕಡಿಮೆ, ಕಿವಿ ಚೆನ್ನಾಗಿದೆ. ಎರಡನೆಯದು, ಲುಕ್ಸಾನ ಇದೆ. ಜಾಸ್ತಿಯೇ ಇದೆ. ನಾನು ಕಣ್ಣಾರೆ ನೋಡಿದ್ದೇನೆ.

ಹೋದ ಬೇಸಿಗೆಯಲ್ಲಿ ಗದಗದ ಸಂಬಂಧಿಕರೊಬ್ಬರು ಇಂಥದೇ ಶಿಬಿರಕ್ಕೆ ನಮ್ಮ ಹೆಸರಿನಲ್ಲಿ ತಾವೇ ದುಡ್ಡು ಕಟ್ಟಿಬಿಟ್ಟಿದ್ದರು. ಒಂದು ಕುಟುಂಬಕ್ಕೆ 11,000 ರೂಪಾಯಿ. ಆ ದುಡ್ಡಿನಲ್ಲಿ ನನ್ನ ಮಗನಿಗೆ ಎರಡು ತಿಂಗಳ ಸ್ಪೀಚ್ ಥೆರಪಿ ಆಗುತ್ತಿತ್ತು. ಆದರೆ ಹಿರಿಯರು, ಪ್ರೀತಿಯಿಂದ ಮಾಡಿದ್ದು. ಹೋದೆವು. ಕಲ್ಯಾಣ ಮಂಟಪದ ತುಂಬ ಮಕ್ಕಳು. ಮೈಕಿನ ಸದ್ದಿಗೆ ನನ್ನ ಮಗ ಬಾಗಿಲಲ್ಲೇ ಕಿವಿ ಮುಚ್ಚಿಕೊಂಡು ನಿಂತ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ದೊಡ್ಡ ಸದ್ದು ತಡೆಯಲು ಆಗುವುದಿಲ್ಲ. ಆಟಿಸಂ ವಾಸಿ ಮಾಡುತ್ತೇವೆ ಎಂದು ಕರೆದವರಿಗೆ ಅಷ್ಟೂ ಗೊತ್ತಿರಲಿಲ್ಲ. ಅವನನ್ನು ಅವರಪ್ಪ ಹೊರಗೆ ಕರೆದುಕೊಂಡು ಹೋದರು. ನಾನು ಒಳಗೆ ಕೂತೆ.

ವೇದಿಕೆಯಲ್ಲಿದ್ದವರು ಒಬ್ಬೊಬ್ಬ ತಾಯಿಯನ್ನೇ ಎಬ್ಬಿಸಿ ಕೇಳುತ್ತಿದ್ದರು. ಬಸುರಿದ್ದಾಗ ಅತ್ತಿದ್ದಿರಾ? ಅತ್ತೆ ಜೊತೆ ಜಗಳ ಆಗಿತ್ತಾ? ಈಗ ಮಗು ಬೇಡವಿತ್ತು ಅಂತ ಒಮ್ಮೆಯಾದರೂ ಅನ್ನಿಸಿತ್ತಾ? ಬಸುರಿದ್ದಾಗ ಒಮ್ಮೆಯೂ ಅಳದ ಹೆಂಗಸು ಎಲ್ಲಿ ಸಿಗುತ್ತಾಳೆ? ಎಲ್ಲರೂ ಹೌದು ಅಂದರು. "ಅದೇ ಗಂಟು ಮಗುವಿನೊಳಗೆ ಕೂತಿದೆ. ನೀವು ಬಿಚ್ಚಿದರೆ ಮಗು ಗುಣ ಆಗುತ್ತೆ." ಅಪ್ಪಂದಿರನ್ನು ಯಾರೂ ಏನೂ ಕೇಳಲಿಲ್ಲ.

ನನ್ನ ಪಕ್ಕ ರೋಣದ ಕಡೆಯ ಒಬ್ಬ ತಾಯಿ ಕೂತಿದ್ದಳು. ಅವಳ ಸರದಿ ಬಂತು. ಅಷ್ಟು ಜನರ ಮುಂದೆ ಮಗಳ ಕಾಲು ಹಿಡಿದು ಕ್ಷಮೆ ಕೇಳು ಅಂದರು. ಕೇಳಿದಳು. ಆ ಹುಡುಗಿ ಏನೂ ತಿಳಿಯದೆ ತಾನೂ ಅಳಲು ಶುರು ಮಾಡಿತು. ವಾಪಸು ಬಂದು ಕೂತವಳು ನನ್ನನ್ನು ಕೇಳಿದಳು: "ಅಕ್ಕಾರ, ಫಿಟ್ಸಿನ ಗುಳಿಗಿ ಇವತ್ತಿಂದ ಬಂದ್ ಮಾಡು ಅಂದ್ರು. ಮಾಡ್ಲೇನ್ರಿ?"

ಫಿಟ್ಸಿನ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರಬಹುದು. ಜೀವವೇ ಹೋಗಬಹುದು. ಅವಳನ್ನು ಹೊರಗೆ ಕರೆದುಕೊಂಡು ಬಂದೆ. ಡಾಕ್ಟರ್ ಚೀಟಿಯಲ್ಲಿದ್ದ ನಂಬರಿಗೆ ಅಲ್ಲಿಂದಲೇ ಫೋನ್ ಮಾಡಿಸಿದೆ. ಡಾಕ್ಟರ್ ಚೆನ್ನಾಗಿ ಬೈದರು. ಮಾತ್ರೆ ಅವತ್ತು ತಪ್ಪಲಿಲ್ಲ. ನಾವು ಊಟಕ್ಕೂ ನಿಲ್ಲದೆ ಧಾರವಾಡಕ್ಕೆ ಬಂದೆವು. "ಏನ್ ಲುಕ್ಸಾನ" ಅಂತ ಯಾರಾದರೂ ಕೇಳಿದಾಗ ನನ್ನ ಮುಖ ಯಾಕೆ ಬದಲಾಗುತ್ತೆ ಅಂತ ಈಗ ತಿಳಿಯಿತಾ?

ತಾಯಿಯ ತಲೆಗೆ ಕಟ್ಟುವ ಈ ಮಾತು ಹೊಸದೇನಲ್ಲ. ಇದನ್ನು ಒಂದು ಕಾಲಕ್ಕೆ ದೊಡ್ಡ ದೊಡ್ಡವರೇ ಹೇಳಿದ್ದರು. ತಾಯಂದಿರ ಪ್ರೀತಿ ಸಿಗದೆ ಮಕ್ಕಳು ಹೀಗಾಗುತ್ತಾರೆ ಎಂದು ಅಮೆರಿಕದ ಮನಃಶಾಸ್ತ್ರಜ್ಞ ಬ್ರೂನೋ ಬೆಟೆಲ್‌ಹೈಮ್ 1967ರಲ್ಲಿ ಪುಸ್ತಕವನ್ನೇ ಬರೆದರು. ಎಷ್ಟೋ ತಾಯಂದಿರು ಅದನ್ನು ನಂಬಿ ಕೊರಗಿದರು. 1943ರಲ್ಲಿ ಆಟಿಸಂ ಬಗ್ಗೆ ಬರೆದು ಅದನ್ನು ಜಗತ್ತಿಗೆ ತಿಳಿಸಿದವರು ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್. ಅವರೂ ಹಿಂದೆ ತಂದೆತಾಯಿಯ ತಣ್ಣಗಿನ ಸ್ವಭಾವದ ಬಗ್ಗೆ ಬರೆದಿದ್ದರು. 1969ರಲ್ಲಿ ಅದೇ ಕ್ಯಾನರ್ ತಂದೆತಾಯಂದಿರ ಸಭೆಯಲ್ಲಿ ನಿಂತು, ನಿಮ್ಮದು ತಪ್ಪಿಲ್ಲ, ನಿಮ್ಮನ್ನು ಬಿಡುಗಡೆ ಮಾಡುತ್ತಿದ್ದೇನೆ ಎಂಬ ಅರ್ಥದ ಮಾತು ಹೇಳಿದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟ್ಟರ್ ಎಂಬ ಸಂಶೋಧಕರು, ಒಬ್ಬರಿಗಾದರೂ ಆಟಿಸಂ ಇದ್ದ 21 ಅವಳಿ ಜೋಡಿಗಳನ್ನು ನೋಡಿದರು. ತದ್ರೂಪ ಅವಳಿಗಳ 11 ಜೋಡಿಗಳ ಪೈಕಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪ ಅಲ್ಲದ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೆ ಇರಲಿಲ್ಲ. ತದ್ರೂಪ ಅವಳಿಗಳ ವಂಶವಾಹಿ ಹೆಚ್ಚುಕಡಿಮೆ ಒಂದೇ. ಹಾಗಾಗಿ ವಿಷಯ ತಾಯಿಯನ್ನು ಬಿಟ್ಟು ವಂಶವಾಹಿಯ ಕಡೆ ತಿರುಗಿತು. ಇಷ್ಟೆಲ್ಲ ಆಗಿ ಎಷ್ಟು ಕಾಲವಾಯಿತು! ಅಲ್ಲಿ ಬಿಟ್ಟುಹೋದ ಸುಳ್ಳನ್ನು ಇಲ್ಲಿ ಮೈಕ್ ಹಿಡಿದು, ಟಿಕೆಟ್ ಮಾಡಿ ಮಾರುತ್ತಿದ್ದಾರೆ.

"ಆದ್ರ ಶಿಬಿರಕ್ಕ ಹೋದವರ ಮಗಾ ಸುಧಾರಿಸ್ಯಾನಲ್ರಿ?" ಇದು ಮುಂದಿನ ಪ್ರಶ್ನೆ. ಆ ತಂದೆತಾಯಿ ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಯಾವತ್ತೂ ಅಂದಿಲ್ಲ. ಆದರೆ ಸುಧಾರಣೆ ಹೀಲಿಂಗ್‌ನಿಂದಲೇ ಆಯಿತು ಅಂತ ಹೇಗೆ ಗೊತ್ತು? ಒಂದು ಉದಾಹರಣೆ ಹೇಳುತ್ತೇನೆ. ಸೆಕ್ರೆಟಿನ್ ಅಂತ ಜೀರ್ಣಕ್ಕೆ ಸಂಬಂಧಪಟ್ಟ ಒಂದು ಹಾರ್ಮೋನ್ ಇದೆ. ಅದನ್ನು ಕೊಟ್ಟರೆ ಆಟಿಸಂ ಕಡಿಮೆ ಆಗುತ್ತೆ ಎಂದು 1998ರ ಸುಮಾರಿಗೆ ಅಮೆರಿಕದಲ್ಲಿ ದೊಡ್ಡ ಸುದ್ದಿ ಆಯಿತು. 60 ಮಕ್ಕಳ ಮೇಲೆ ಪರೀಕ್ಷೆ ನಡೆದು 1999ರಲ್ಲಿ ಫಲಿತಾಂಶ ಬಂತು. ಕೆಲವು ಮಕ್ಕಳಿಗೆ ಸೆಕ್ರೆಟಿನ್, ಉಳಿದವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ಮನೆಯವರಿಗೆ ಗೊತ್ತಿರಲಿಲ್ಲ. ಎರಡೂ ಗುಂಪಿನಲ್ಲಿ ಸುಧಾರಣೆ ಕಂಡಿತು. ಒಂದಕ್ಕಿಂತ ಇನ್ನೊಂದು ಮೇಲಾಗಿರಲಿಲ್ಲ. ಇದನ್ನೆಲ್ಲ ತಿಳಿಸಿದ ಮೇಲೂ ನೂರಕ್ಕೆ 69 ತಂದೆತಾಯಂದಿರು ಸೆಕ್ರೆಟಿನ್ ಬಗ್ಗೆ ಆಸಕ್ತಿ ಇದೆ ಅಂದರು. ನನಗೆ ಅವರ ಮೇಲೆ ಸಿಟ್ಟಿಲ್ಲ. ಆ ಆಸೆ ಎಂಥದು ಅಂತ ನನಗೆ ಗೊತ್ತು. ಅದನ್ನು ಗೊತ್ತುಮಾಡಿಕೊಂಡು ವ್ಯಾಪಾರ ಮಾಡುವವರ ಮೇಲೆ ಸಿಟ್ಟು.

ಮಕ್ಕಳು ಬೆಳೆಯುತ್ತಾರೆ. ಆಟಿಸಂ ಇರುವ ಮಕ್ಕಳೂ ಬೆಳೆಯುತ್ತಾರೆ, ಒಮ್ಮೆ ನಿಧಾನ, ಒಮ್ಮೆ ಸರ್ರನೆ. ನನ್ನ ಮಗ ಮೊದಲ ಸಲ ತಾನಾಗಿ "ನೀರು ಬೇಕು" ಅಂದ. ಅದರ ಹಿಂದೆ ಥೆರಪಿಸ್ಟ್ ತಾಳ್ಮೆ ಇತ್ತು, ಚಿತ್ರದ ಕಾರ್ಡುಗಳಿದ್ದವು, ಲೋಟ ಕೈಯಲ್ಲಿ ಹಿಡಿದು ಕಾಯುತ್ತಿದ್ದ ಅವನ ಅಜ್ಜಿ ಇದ್ದಳು. ಎಲ್ಲಕ್ಕಿಂತ ಹೆಚ್ಚಾಗಿ ಅವನ ಸ್ವಂತ ದುಡಿಮೆ ಇತ್ತು. ಆ ವಾರ ನಾವು ಶಿಬಿರಕ್ಕೆ ಹೋಗಿದ್ದರೆ ಆ ಎರಡು ಮಾತು ಹೀಲರ್ ಲೆಕ್ಕಕ್ಕೆ ಹೋಗುತ್ತಿದ್ದವು. ಏನೂ ಆಗದಿದ್ದರೆ "ನಿಮ್ಮ ನಂಬಿಕೆ ಸಾಲಲಿಲ್ಲ" ಅಂತ ನನ್ನ ಲೆಕ್ಕಕ್ಕೆ. ಲಾಭ ಅವರದು, ಪಾಪ ತಾಯಿಯದು. ಈ ಲೆಕ್ಕಕ್ಕೆ ನಾನು ಒಪ್ಪುವುದಿಲ್ಲ.

ನಿಜವಾಗಿ ಸಹಾಯ ಮಾಡಬೇಕು ಅಂತಿದ್ದರೆ ಬೇರೆ ಪ್ರಶ್ನೆ ಕೇಳಿ. ಎಲ್ಲಿ ತೋರಿಸಬೇಕು ಅಂತ ಕೇಳಿ, ಹೇಳುತ್ತೇನೆ. ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ, ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಸರ್ಕಾರಿ ಆಸ್ಪತ್ರೆ. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ ಆರ್‌ಬಿಎಸ್‌ಕೆಯವರು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ನೋಡುತ್ತಾರೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ, ಥೆರಪಿ ಖರ್ಚಿಗೂ ಒಂದು ಪಾಲಿದೆ. ಶಿಬಿರದ ಪೋಸ್ಟರ್ ಕಳಿಸುವ ಜನ ಇದನ್ನು ಯಾಕೆ ಕಳಿಸುವುದಿಲ್ಲ?

ಅದಕ್ಕಿಂತಲೂ, ಅವನಿಗೆ ಏನು ಇಷ್ಟ ಅಂತ ಕೇಳಿ. ಯಾರೂ ಕೇಳುವುದಿಲ್ಲ. ಅವನಿಗೆ ಧಾರವಾಡ-ಹುಬ್ಬಳ್ಳಿ ನಡುವೆ ಓಡುವ ಚಿಗರಿ ಬಸ್ ಇಷ್ಟ. ಟೋಲ್ ನಾಕಾ, ಸತ್ತೂರು, ನವಲೂರು, ರಾಯಾಪುರ, ನವನಗರ, ಉಣಕಲ್, ಹುಬ್ಬಳ್ಳಿವರೆಗೂ ಸ್ಟಾಪುಗಳನ್ನು ವರಸೆ ತಪ್ಪದೆ ಹೇಳುತ್ತಾನೆ. ಶನಿವಾರ ಮಧ್ಯಾಹ್ನ ನಿಮಗೆ ಪುರುಸೊತ್ತು ಇದ್ದರೆ ಒಂದು ರೌಂಡ್ ಕರೆದುಕೊಂಡು ಹೋಗಿ ಬನ್ನಿ. ಮೊದಲೆರಡು ಸಲ ನಾನೂ ಬರುತ್ತೇನೆ. ಅವನಿಗೆ ಕಿಟಕಿ ಪಕ್ಕದ ಸೀಟು ಬೇಕು. ಹೇಳದೆ ಮೈ ಮುಟ್ಟಬೇಡಿ. ಮುಂದಿನ ಸ್ಟಾಪ್ ಯಾವುದು ಅಂತ ಕೇಳಿ, ಉತ್ತರ ಬರುವವರೆಗೆ ಸುಮ್ನೆ ಕಾಯಿರಿ.